‘ಕುರುಡು ನಂಬಿಕೆ’ಯ 79 ದಿನಗಳು

ಲಂಡನ್ನಿನ ಹೈಡ್ ಪಾರ್ಕ್. 1969ರ ಜೂನ್ 7, ಶನಿವಾರ. ಇಂಗ್ಲೆಂಡಿನಲ್ಲಿ ಅಪರೂಪಕ್ಕೆ ಕಾಣುವ ಒಳ್ಳೆಯ ಬಿಸಿಲು. ಉದ್ಯಾನದ ಹುಲ್ಲುಹಾಸಿನ ಮೇಲೆ ಎಲ್ಲಿ ನೋಡಿದರಲ್ಲಿ ಜನ. ಹತ್ತಿರ ಹತ್ತಿರ ಒಂದು ಲಕ್ಷ ಯುವಕ ಯುವತಿಯರು ಸೇರಿದ್ದರೆಂದು ಅಂದಾಜು. ಕೆಲವರು ವೇದಿಕೆಯ ಸುತ್ತಲಿನ ಮರಗಳನ್ನೇ ಹತ್ತಿ ಕುಳಿತಿದ್ದರು. ಟಿಕೆಟ್ ಇರಲಿಲ್ಲ, ಕಾರ್ಯಕ್ರಮ ಉಚಿತ.

ಉಚಿತವೆಂದ ಮೇಲೆ ಜನ ಸೇರುವುದು ಸಹಜ ಎನ್ನಬಹುದು. ಆದರೆ ಆ ಲಕ್ಷ ಜನ ಕೇಳಲು ಬಂದಿದ್ದ ರಾಕ್ ತಂಡ ಅದುವರೆಗೆ ಒಂದೇ ಒಂದು ಕಛೇರಿಯನ್ನೂ ಕೊಟ್ಟಿರಲಿಲ್ಲ. ಅದರ ಒಂದೇ ಒಂದು ಧ್ವನಿಮುದ್ರಿಕೆಯೂ ಅಂಗಡಿಗೆ ಬಂದಿರಲಿಲ್ಲ. ತಂಡ ಹೇಗೆ ನುಡಿಸುತ್ತದೆ, ಏನು ಹಾಡುತ್ತದೆ ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದುದು ನಾಲ್ಕು ಹೆಸರುಗಳು ಮಾತ್ರ: ಎರಿಕ್ ಕ್ಲಾಪ್ಟನ್, ಸ್ಟೀವ್ ವಿನ್‌ವುಡ್, ಜಿಂಜರ್ ಬೇಕರ್, ರಿಕ್ ಗ್ರೆಚ್. ಆ ಹೆಸರುಗಳನ್ನು ನಂಬಿ ಜನ ಬಂದಿದ್ದರು. ತಂಡದ ಹೆಸರೂ ಅದಕ್ಕೆ ತಕ್ಕಂತೆಯೇ ಇತ್ತು: ‘ಬ್ಲೈಂಡ್ ಫೇತ್’, ಅಂದರೆ ಕುರುಡು ನಂಬಿಕೆ.

ಆ ದಿನದಿಂದ ಎಣಿಸಿದರೆ 79ನೆಯ ದಿನ, ಆಗಸ್ಟ್ 24ರಂದು, ಹವಾಯಿಯಲ್ಲಿ ತಂಡದ ಕೊನೆಯ ಕಛೇರಿ ನಡೆಯಿತು. ಆಮೇಲೆ ಈ ನಾಲ್ವರು ಬ್ಲೈಂಡ್ ಫೇತ್ ಆಗಿ ಒಟ್ಟಿಗೆ ವೇದಿಕೆ ಏರಲಿಲ್ಲ. ರಾಕ್ ಸಂಗೀತದ ಚರಿತ್ರೆಯಲ್ಲಿ ಇಷ್ಟು ನಿರೀಕ್ಷೆ ಹುಟ್ಟಿಸಿ ಇಷ್ಟು ಬೇಗ ಮುಗಿದುಹೋದ ತಂಡ ಅಪರೂಪ. ಪ್ರತಿಭೆಗೆ ಕೊರತೆ ಇರಲಿಲ್ಲ, ಹಣಕ್ಕೂ ಇರಲಿಲ್ಲ, ಕೇಳುವವರಿಗಂತೂ ಇರಲೇ ಇಲ್ಲ. ಹಾಗಿದ್ದರೆ ಎಡವಿದ್ದೆಲ್ಲಿ?

ಕೆನೆಯೊಳಗಿನ ಕಹಿ

ಈ ಕತೆ ಶುರುವಾಗುವುದು ಇನ್ನೊಂದು ತಂಡದಿಂದ. 1966ರ ಜುಲೈನಲ್ಲಿ ಲಂಡನ್ನಿನಲ್ಲಿ ಮೂವರು ವಾದಕರು ಸೇರಿ ‘ಕ್ರೀಮ್’ ಎಂಬ ತಂಡ ಕಟ್ಟಿದರು. ಹೆಸರಿನಲ್ಲೇ ಸ್ವಲ್ಪ ಜಂಬವಿತ್ತು. ಬ್ರಿಟನ್ನಿನ ವಾದಕರ ಪೈಕಿ ತಾವು ಕೆನೆಪದರ ಎಂಬುದು ಅದರ ಅರ್ಥ. ಜಂಬ ಸುಳ್ಳೇನೂ ಆಗಿರಲಿಲ್ಲ. ಗಿಟಾರ್ ಹಿಡಿದವ ಎರಿಕ್ ಕ್ಲಾಪ್ಟನ್. ‘ಯಾರ್ಡ್‌ಬರ್ಡ್ಸ್’ ತಂಡದಲ್ಲೂ ಆಮೇಲೆ ಜಾನ್ ಮೇಯಲ್‌ನ ‘ಬ್ಲೂಸ್‌ಬ್ರೇಕರ್ಸ್’ನಲ್ಲೂ ಹೆಸರು ಮಾಡಿದ್ದ ಈತನ ಬಗ್ಗೆ ‘ಕ್ಲಾಪ್ಟನ್ ದೇವರು’ ಎಂದು ಅಭಿಮಾನಿಗಳು ಲಂಡನ್ನಿನ ಗೋಡೆಯ ಮೇಲೆ ಬರೆದಿದ್ದರು. ಆಗ ಆತನಿಗೆ ಇನ್ನೂ 21 ವರ್ಷ. ಬಾಸ್ ಗಿಟಾರ್ ಮತ್ತು ಹಾಡುಗಾರಿಕೆ ಸ್ಕಾಟ್ಲೆಂಡಿನ ಜ್ಯಾಕ್ ಬ್ರೂಸ್‌ನದು. ಡ್ರಮ್ಸ್ ಜಿಂಜರ್ ಬೇಕರ್‌ನದು. ಬೇಕರ್ ಜಾಝ್ ಸಂಗೀತದಲ್ಲಿ ಪಳಗಿದವ. ಎರಡು ದೊಡ್ಡ ಬಾಸ್ ಡ್ರಮ್‌ಗಳನ್ನು ಎರಡೂ ಕಾಲಿನಿಂದ ಬಾರಿಸುತ್ತಿದ್ದ.

ಮೂವರೇ ಇದ್ದರೂ ಕ್ರೀಮ್ ಎಬ್ಬಿಸಿದ ಸದ್ದು ದೊಡ್ಡದು. 1967ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಫಿಲ್‌ಮೋರ್ ಸಭಾಂಗಣದಲ್ಲಿ ನುಡಿಸಲು ಹೋದಾಗ, ಅಲ್ಲಿನ ಜನ ಮೂರು ನಿಮಿಷದ ಹಾಡಿಗೆ ತೃಪ್ತರಾಗುವವರಲ್ಲ ಎಂಬುದು ತಂಡಕ್ಕೆ ಅರಿವಾಯಿತು. ಹಾಡಿನ ಒಂದು ಸಾಲು ಹಿಡಿದು ಹತ್ತು ನಿಮಿಷ, ಹದಿನೈದು ನಿಮಿಷ ಮನೋಧರ್ಮಕ್ಕೆ ತಕ್ಕಂತೆ ಬೆಳೆಸುತ್ತ ಹೋದರು. ಪಾಶ್ಚಾತ್ಯ ಜನಪ್ರಿಯ ಸಂಗೀತಕ್ಕೆ ಇದು ಹೊಸದು. ಭಾರತೀಯ ಸಂಗೀತ ಕೇಳುವವರಿಗೆ ಹೊಸದಲ್ಲ ಎನ್ನಿ. ‘ಡಿಸ್ರೇಲಿ ಗಿಯರ್ಸ್’, ‘ವೀಲ್ಸ್ ಆಫ್ ಫೈರ್’ ಆಲ್ಬಂಗಳು ಅಟ್ಲಾಂಟಿಕ್‌ನ ಎರಡೂ ದಂಡೆಗಳಲ್ಲಿ ಬಿಸಿದೋಸೆಯಂತೆ ಖರ್ಚಾದವು.

ಒಳಗಿನ ಸ್ಥಿತಿ ಮಾತ್ರ ಬೇರೆ. ಬ್ರೂಸ್ ಮತ್ತು ಬೇಕರ್ ಇಬ್ಬರದೂ ಹಾವು ಮುಂಗುಸಿಯ ಸಂಬಂಧ. ಈ ಹಿಂದೆ ‘ಗ್ರಹಾಂ ಬಾಂಡ್ ಆರ್ಗನೈಸೇಷನ್’ ಎಂಬ ತಂಡದಲ್ಲಿದ್ದಾಗಲೇ ಇಬ್ಬರೂ ವೇದಿಕೆಯ ಮೇಲೆ ಕೈಕೈ ಮಿಲಾಯಿಸಿದ್ದುಂಟು. ಹಣದ ಅಸಮಾಧಾನವೂ ಸೇರಿಕೊಂಡಿತು. ಹಾಡು ಬರೆದವರಿಗೆ ರಾಯಧನ ಸಿಗುತ್ತದೆ. ಅದಕ್ಕೆ ಲಯ ಕೂಡಿಸಿ ರೂಪ ಕೊಟ್ಟವನಿಗೆ ಸಿಗುವುದಿಲ್ಲ. ಕ್ರೀಮ್‌ನ ಅನೇಕ ಹಾಡುಗಳ ಮೇಲೆ ಬ್ರೂಸ್ ಮತ್ತು ಕವಿ ಪೀಟ್ ಬ್ರೌನ್ ಅವರ ಹೆಸರಿತ್ತು. ಈ ಅನ್ಯಾಯದ ಬಗ್ಗೆ ಬೇಕರ್ ಬದುಕಿನ ಕೊನೆಯವರೆಗೂ ಗೊಣಗುತ್ತಲೇ ಇದ್ದ.

ಇಬ್ಬರ ನಡುವೆ ಸಿಕ್ಕಿಕೊಂಡವನು ಕ್ಲಾಪ್ಟನ್. ದಿನವೂ ಜಗಳ ಬಿಡಿಸುವುದೇ ಕೆಲಸವಾಯಿತು. ಒಂದು ಸಂಜೆ ಕಛೇರಿಯ ಮಧ್ಯದಲ್ಲಿ ಆತ ಗಿಟಾರ್ ನುಡಿಸುವುದನ್ನು ನಿಲ್ಲಿಸಿಬಿಟ್ಟನಂತೆ. ಉಳಿದಿಬ್ಬರೂ ಒಬ್ಬರನ್ನೊಬ್ಬರು ಮೀರಿಸುವ ಭರದಲ್ಲಿ ಅದನ್ನು ಗಮನಿಸಲೇ ಇಲ್ಲವಂತೆ! 1968ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕ ಜಾನ್ ಲ್ಯಾಂಡೋ, ಕ್ಲಾಪ್ಟನ್ ನುಡಿಸುವುದರಲ್ಲಿ ಸವೆದ ವರಸೆಗಳೇ ಹೆಚ್ಚು ಎಂದು ಕಟುವಾಗಿ ಬರೆದ. ಅದೇ ವರ್ಷ ‘ದಿ ಬ್ಯಾಂಡ್’ ಎಂಬ ತಂಡದ ‘ಮ್ಯೂಸಿಕ್ ಫ್ರಂ ಬಿಗ್ ಪಿಂಕ್’ ಆಲ್ಬಂ ಹೊರಬಂತು. ಅಬ್ಬರವಿಲ್ಲದ, ಒಬ್ಬರ ದನಿಗೆ ಇನ್ನೊಬ್ಬರು ಜಾಗ ಬಿಟ್ಟುಕೊಡುವ ಸಂಗೀತ ಅದು. ಅದನ್ನು ಕೇಳಿದ ಕ್ಲಾಪ್ಟನ್‌ಗೆ ತಾನು ನಡೆದ ದಾರಿಯೇ ತಪ್ಪು ಎನ್ನಿಸಿತು. 1968ರ ನವೆಂಬರ್ 26ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕ್ರೀಮ್ ವಿದಾಯದ ಕಛೇರಿ ಕೊಟ್ಟಿತು. ಎರಡೂವರೆ ವರ್ಷಕ್ಕೂ ಕಡಿಮೆ ಅವಧಿಯ ಬಾಳ್ವೆ.

ಹಳ್ಳಿಮನೆಯ ಜತೆಗಾರರು

ಕ್ಲಾಪ್ಟನ್‌ನ ಮನಸ್ಸಿನಲ್ಲಿ ಆಗ ಓಡುತ್ತಿದ್ದ ಹೆಸರು ಸ್ಟೀವ್ ವಿನ್‌ವುಡ್. 1948ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ಹುಟ್ಟಿದ ವಿನ್‌ವುಡ್ ಬಾಲಪ್ರತಿಭೆ. ಹದಿನೈದರ ವಯಸ್ಸಿಗೇ ಅಣ್ಣನ ಜತೆ ‘ಸ್ಪೆನ್ಸರ್ ಡೇವಿಸ್ ಗ್ರೂಪ್’ ಸೇರಿ ಹಾಡತೊಡಗಿದವ. ಕಣ್ಣು ಮುಚ್ಚಿ ಕೇಳಿದರೆ ಅಮೆರಿಕದ ಕಪ್ಪು ಜನಾಂಗದ ಅನುಭವಿ ಗಾಯಕನೊಬ್ಬ ಹಾಡುತ್ತಿದ್ದಾನೆ ಎನ್ನಿಸಬೇಕು, ಅಂಥ ಕಂಠ. ಆರ್ಗನ್, ಪಿಯಾನೊ, ಗಿಟಾರ್ ಎಲ್ಲವೂ ಕೈಗೆ ಒಗ್ಗಿದ್ದವು. 1967ರಲ್ಲಿ ಆತ ಗೆಳೆಯರೊಡನೆ ‘ಟ್ರಾಫಿಕ್’ ತಂಡ ಕಟ್ಟಿದ. ಆಸ್ಟನ್ ಟಿರೊಲ್ಡ್ ಎಂಬ ಹಳ್ಳಿಯ ಒಂಟಿ ಮನೆಯಲ್ಲಿ ಎಲ್ಲರೂ ಒಟ್ಟಿಗೆ ವಾಸವಿದ್ದು ಸಂಗೀತ ಕಟ್ಟುತ್ತಿದ್ದರು. ಆ ತಂಡದಲ್ಲೂ ಭಿನ್ನಾಭಿಪ್ರಾಯ ತಲೆದೋರಿ 1969ರ ಆರಂಭದಲ್ಲಿ ವಿನ್‌ವುಡ್ ಹೊರಬಂದಿದ್ದ.

ಇಬ್ಬರೂ ಪರಸ್ಪರ ಹೊಸಬರಲ್ಲ. 1966ರಲ್ಲೇ ಒಂದು ಸಂಕಲನಕ್ಕಾಗಿ ‘ಪವರ್‌ಹೌಸ್’ ಎಂಬ ಹೆಸರಿನಲ್ಲಿ ಜತೆಯಾಗಿ ಕೆಲವು ಹಾಡು ಮುದ್ರಿಸಿದ್ದರು. ಈಗ ಇಬ್ಬರಿಗೂ ಬಿಡುವಿತ್ತು. ಸರ‍್ರೆಯಲ್ಲಿದ್ದ ಕ್ಲಾಪ್ಟನ್‌ನ ಮನೆಯಲ್ಲೊಮ್ಮೆ, ವಿನ್‌ವುಡ್‌ನ ಹಳ್ಳಿಮನೆಯಲ್ಲೊಮ್ಮೆ ಕುಳಿತು ಹೊತ್ತಿನ ಪರಿವೆ ಇಲ್ಲದೆ ನುಡಿಸತೊಡಗಿದರು. ಮುಂದೇನು ಎಂಬ ಯೋಜನೆ ಇರಲಿಲ್ಲ. ಗುರಿ ಇಲ್ಲದೆ, ಗಡುವು ಇಲ್ಲದೆ, ಕೇಳುಗರಿಲ್ಲದೆ ನುಡಿಸುವ ಸುಖವಷ್ಟೇ. ಇದೇ ಸ್ಥಿತಿಯಲ್ಲಿ ಒಂದು ವರ್ಷ ಕಳೆದಿದ್ದರೆ ಏನಾಗುತ್ತಿತ್ತೋ!

ಆದರೆ ಬಾಗಿಲು ತಟ್ಟಿದ ಸದ್ದಾಯಿತು. ಬಂದವನು ಜಿಂಜರ್ ಬೇಕರ್. ಸುದ್ದಿ ಹೇಗೋ ಕಿವಿಗೆ ಬಿದ್ದಿತ್ತು. ಬಂದವನೇ ಡ್ರಮ್ಸ್ ಮುಂದೆ ಕುಳಿತ. ವಿನ್‌ವುಡ್‌ಗೆ ಖುಷಿಯಾಯಿತು. ಬೇಕರ್‌ನಂಥ ಲಯಗಾರ ಬ್ರಿಟನ್ನಿನಲ್ಲಿ ಇನ್ನೊಬ್ಬನಿರಲಿಲ್ಲ. ಕ್ಲಾಪ್ಟನ್ ಮಾತ್ರ ಒಳಗೊಳಗೇ ಹಿಂಜರಿದ. ಕ್ರೀಮ್ ಮುಗಿದು ಕೆಲವು ವಾರಗಳಷ್ಟೇ ಆಗಿದ್ದವು. ಬೇಕರ್ ಬಂದರೆ ಅದೇ ಹಳೆಯ ತಂಡ, ಬ್ರೂಸ್ ಒಬ್ಬನನ್ನು ಹೊರಗಿಟ್ಟು ಮತ್ತೆ ಕಟ್ಟಿದಂತಾಗುತ್ತದೆ. ಜನ ಹಳೆಯದನ್ನೇ ಕೇಳುತ್ತಾರೆ. ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳುವ ಗಟ್ಟಿತನ ಆತನಿಗೆ ಇರಲಿಲ್ಲ. ವಿನ್‌ವುಡ್‌ನ ಒತ್ತಾಯಕ್ಕೆ ತಲೆದೂಗಿದ. ಮುಂದೆ ನಡೆದ ಎಲ್ಲಕ್ಕೂ ಬೀಜ ಬಿದ್ದದ್ದು ಈ ಮೌನದಲ್ಲಿ.

ಇನ್ನೊಬ್ಬ ಬಾಸ್ ವಾದಕ ಬೇಕಿತ್ತು. ‘ಫ್ಯಾಮಿಲಿ’ ಎಂಬ ತಂಡದಲ್ಲಿ ಬಾಸ್ ಮತ್ತು ವಯಲಿನ್ ಎರಡನ್ನೂ ನುಡಿಸುತ್ತಿದ್ದ ರಿಕ್ ಗ್ರೆಚ್‌ಗೆ ಕರೆ ಹೋಯಿತು. ಫ್ಯಾಮಿಲಿ ಆಗ ಮೊದಲ ಬಾರಿಗೆ ಅಮೆರಿಕ ಪ್ರವಾಸದಲ್ಲಿತ್ತು. ಗ್ರೆಚ್ ಅರ್ಧದಲ್ಲೇ ಎದ್ದುಬಂದ. ಆ ತಂಡ ಪರದೇಶದಲ್ಲಿ ಗಡಿಬಿಡಿಯಿಂದ ಬದಲಿ ವಾದಕನನ್ನು ಹುಡುಕಿಕೊಳ್ಳಬೇಕಾಯಿತು. ಹೀಗೆ ಮೂರು ತಂಡಗಳ ಅವಶೇಷದ ಮೇಲೆ ಒಂದು ಹೊಸ ತಂಡ ಎದ್ದು ನಿಂತಿತು.

‘ಮಹಾತಂಡ’ದ ಮಾರುಕಟ್ಟೆ

ಪ್ರಸಿದ್ಧ ತಂಡಗಳನ್ನು ಬಿಟ್ಟುಬಂದವರು ಸೇರಿ ಕಟ್ಟುವ ತಂಡಕ್ಕೆ ‘ಸೂಪರ್‌ಗ್ರೂಪ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಆ ಕಾಲದಲ್ಲೇ. ಕನ್ನಡದಲ್ಲಿ ಮಹಾತಂಡ ಎನ್ನೋಣ. ಅದರ ಹಿಂದಿನ ಲೆಕ್ಕಾಚಾರ ಸರಳ. ಹೊಸ ತಂಡವೊಂದು ಹೆಸರು ಮಾಡಲು ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ವರ್ಷಗಟ್ಟಲೆ ನುಡಿಸಬೇಕು. ಆ ಅವಧಿಯಲ್ಲಿ ಒಬ್ಬರ ಓರೆಕೋರೆ ಇನ್ನೊಬ್ಬರಿಗೆ ತಿಳಿಯುತ್ತದೆ. ಹತ್ತು ಹಾಡು ಕಟ್ಟಿದರೆ ಎರಡು ನಿಲ್ಲುತ್ತವೆ. ತಪ್ಪು ಮಾಡಿದರೂ ನೋಡುವವರು ಐವತ್ತೇ ಜನ. ಮಹಾತಂಡಕ್ಕೆ ಈ ತಾಲೀಮಿನ ಅವಧಿಯೇ ಇಲ್ಲ. ಹುಟ್ಟುವಾಗಲೇ ಅದು ಪ್ರಸಿದ್ಧ. ತೊಟ್ಟಿಲಲ್ಲಿರುವ ಕೂಸನ್ನು ನೇರ ಪಟ್ಟಕ್ಕೆ ಕೂರಿಸಿದಂತೆ.

ವ್ಯವಹಾರಸ್ಥರಿಗೆ ಬೇಕಾದದ್ದೂ ಅದೇ. ಕ್ರೀಮ್‌ನ ವ್ಯವಸ್ಥಾಪಕನಾಗಿದ್ದ ರಾಬರ್ಟ್ ಸ್ಟಿಗ್‌ವುಡ್‌ಗೆ ಚಿನ್ನದ ಮೊಟ್ಟೆ ಇಡುವ ಕೋಳಿ ಕೈತಪ್ಪಿತ್ತು. ಈಗ ಅದರಲ್ಲಿ ಮೂರನೇ ಎರಡು ಪಾಲು ಮರಳಿ ಬಂದಿತ್ತು, ಜತೆಗೆ ಟ್ರಾಫಿಕ್‌ನ ಗಾಯಕ. ವಿನ್‌ವುಡ್‌ನ ಹಿಂದೆ ಐಲ್ಯಾಂಡ್ ರೆಕಾರ್ಡ್ಸ್‌ನ ಕ್ರಿಸ್ ಬ್ಲ್ಯಾಕ್‌ವೆಲ್ ಇದ್ದ. ಇಬ್ಬರೂ ಹೊಂದಿಕೊಂಡರು. ಹಾಡುಗಳು ಇನ್ನೂ ಪೂರ್ತಿ ಕೂಡಿಬರುವ ಮೊದಲೇ ಅಮೆರಿಕದ ಬೃಹತ್ ಕ್ರೀಡಾಂಗಣಗಳಲ್ಲಿ ಪ್ರವಾಸ ನಿಗದಿಯಾಗಿಹೋಯಿತು.

ಹೆಸರು ಬಂದದ್ದು ಇನ್ನೂ ವಿಚಿತ್ರ. ಆಲ್ಬಂನ ಹೊದಿಕೆಗೆಂದು ಕ್ಲಾಪ್ಟನ್‌ನ ಪರಿಚಯದ ಅಮೆರಿಕನ್ ಛಾಯಾಗ್ರಾಹಕ ಬಾಬ್ ಸೈಡ್‌ಮನ್ ಒಂದು ಚಿತ್ರ ತೆಗೆದು ಅದಕ್ಕೆ ‘ಬ್ಲೈಂಡ್ ಫೇತ್’ ಎಂಬ ಶೀರ್ಷಿಕೆ ಕೊಟ್ಟ. ಹೆಸರಿಲ್ಲದೆ ಓಡಾಡುತ್ತಿದ್ದ ತಂಡಕ್ಕೆ ಅದೇ ಹೆಸರಾಯಿತು. ಆ ಚಿತ್ರದಲ್ಲಿ ಅಪ್ರಾಪ್ತ ಬಾಲಕಿಯನ್ನು ತೋರಿಸಿದ ರೀತಿಗೆ ಆಗಲೇ ತೀವ್ರ ಆಕ್ಷೇಪ ಬಂತು. ಅಮೆರಿಕದಲ್ಲಿ ಕಂಪನಿ ಅದರ ಬದಲು ತಂಡದ ನಾಲ್ವರ ಚಿತ್ರವಿದ್ದ ಹೊದಿಕೆಯನ್ನು ಮುದ್ರಿಸಬೇಕಾಯಿತು. ಇಂದಿನ ಕಣ್ಣಿಗೆ ಆ ಆಕ್ಷೇಪ ನೂರಕ್ಕೆ ನೂರು ಸರಿ ಎಂದೇ ಕಾಣುತ್ತದೆ.

ಮತ್ತೆ ಹೈಡ್ ಪಾರ್ಕಿಗೆ ಬರೋಣ. ಅಂದಿನ ಕಛೇರಿಯ ಚಲನಚಿತ್ರ ಉಳಿದುಕೊಂಡಿದೆ. ಅದರಲ್ಲಿ ಕ್ಲಾಪ್ಟನ್ ಬಹುಪಾಲು ಹಿಂದೆ, ತನ್ನ ಧ್ವನಿವರ್ಧಕದ ಹತ್ತಿರ ನಿಂತಿದ್ದಾನೆ. ಮುಂದೆ ವಿನ್‌ವುಡ್ ಹಾಡುತ್ತಿದ್ದಾನೆ. ಗಿಟಾರಿನ ‘ದೇವರು’ ಗುಂಪಿನೊಳಗೊಬ್ಬನಾಗಿ ಕರಗಲು ಬಯಸಿದ್ದ ಎಂಬುದು ಸ್ಪಷ್ಟ. ಸುಮಾರು ಒಂದು ತಾಸಿನ ಕಾರ್ಯಕ್ರಮ ಮೃದುವಾಗಿ, ಕೆಲವೊಮ್ಮೆ ಅಳುಕಿನಿಂದ ಸಾಗಿತು. ಕ್ರೀಮ್‌ನ ಗುಡುಗು ಬಯಸಿ ಬಂದವರಿಗೆ ತುಂತುರು ಮಳೆ ಸಿಕ್ಕಿತ್ತು. ಜನ ಶಾಂತವಾಗಿ ಚಪ್ಪಾಳೆ ತಟ್ಟಿದರು. ವೇದಿಕೆಯಿಂದ ಇಳಿದ ಕ್ಲಾಪ್ಟನ್‌ಗೆ ಮಾತ್ರ ತೃಪ್ತಿಯಾಗಿರಲಿಲ್ಲ. ಅರ್ಧ ಬೆಂದ ಅಡುಗೆಯನ್ನೇ ಬಡಿಸಿದೆವೆಂಬ ಭಾವನೆ. ಅದಕ್ಕೆ ಜನ ಚಪ್ಪಾಳೆ ತಟ್ಟಿದ್ದು ಆತನ ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು. ಏನು ನುಡಿಸಿದರೂ ಚಪ್ಪಾಳೆ ಬೀಳುವುದಾದರೆ ಚಪ್ಪಾಳೆಯ ಬೆಲೆ ಏನು?

ಆರು ಹಾಡಿನ ಆಲ್ಬಂ

ಆ ಬಳಿಕ ಸ್ಕ್ಯಾಂಡಿನೇವಿಯಾದಲ್ಲಿ ಕೆಲವು ಚಿಕ್ಕ ಕಛೇರಿಗಳಾದವು. ಈ ಮಧ್ಯೆ ಜಿಮ್ಮಿ ಮಿಲ್ಲರ್‌ನ ನಿರ್ಮಾಣದಲ್ಲಿ ಆಲ್ಬಂ ಮುದ್ರಣವೂ ಮುಗಿಯಿತು. ಒಟ್ಟು ಆರೇ ಹಾಡು. ಅವುಗಳಲ್ಲಿ ಮೂರು ವಿನ್‌ವುಡ್ ಬರೆದವು. ‘ಕಾಂಟ್ ಫೈಂಡ್ ಮೈ ವೇ ಹೋಂ’ ಈ ಪೈಕಿ ಹೆಚ್ಚು ಕಾಲ ಉಳಿದ ಹಾಡು. ವಿದ್ಯುತ್ ಇಲ್ಲದ ಸಾದಾ ಗಿಟಾರಿನ ಮೇಲೆ, ಏರುದನಿಯಲ್ಲಿ, ಮನೆಯ ದಾರಿ ತಪ್ಪಿದವನ ದಣಿವನ್ನು ಹೇಳುತ್ತದೆ. ‘ಸೀ ಆಫ್ ಜಾಯ್’ ಹಾಡಿನಲ್ಲಿ ಗ್ರೆಚ್‌ನ ವಯಲಿನ್ ಇದೆ. ‘ವೆಲ್ ಆಲ್ ರೈಟ್’ ಹಳೆಯ ಬಡಿ ಹಾಲಿಯ ಹಾಡಿನ ಹೊಸ ರೂಪ.

‘ಪ್ರೆಸೆನ್ಸ್ ಆಫ್ ದಿ ಲಾರ್ಡ್’ ಕ್ಲಾಪ್ಟನ್‌ನದು. ಬೇರೆಯವರ ನೆರವಿಲ್ಲದೆ ಆತನೇ ಪೂರ್ತಿಯಾಗಿ ಬರೆದ ಮೊದಮೊದಲ ಹಾಡುಗಳಲ್ಲಿ ಒಂದು. ಭಕ್ತಿಗೀತೆಯಂತೆ ನಿಧಾನವಾಗಿ ಶುರುವಾಗಿ ನಡುವೆ ಒಮ್ಮೆಗೇ ಗಿಟಾರ್ ಸಿಡಿದು ಮತ್ತೆ ಶಾಂತವಾಗುತ್ತದೆ. ಇಷ್ಟು ಸ್ವಂತದ ಹಾಡನ್ನೂ ಆತ ತಾನೇ ಹಾಡಲಿಲ್ಲ, ವಿನ್‌ವುಡ್‌ನಿಂದ ಹಾಡಿಸಿದ. ತನ್ನ ಕಂಠದ ಬಗ್ಗೆ ಆತನಿಗೆ ಅಷ್ಟು ಅಳುಕು.

ಕೊನೆಯದು ಬೇಕರ್‌ನ ‘ಡು ವಾಟ್ ಯು ಲೈಕ್’. ಹದಿನೈದು ನಿಮಿಷಕ್ಕೂ ಹೆಚ್ಚು ಉದ್ದದ ಈ ಹಾಡಿಗೆ ಐದರ ಎಣಿಕೆ. ರಾಕ್ ಸಂಗೀತ ಸಾಮಾನ್ಯವಾಗಿ ನಾಲ್ಕರ ಎಣಿಕೆಯನ್ನು ಬಿಟ್ಟು ಕದಲುವುದಿಲ್ಲ. ಖಂಡಛಾಪಿಗೆ ಒಗ್ಗಿದ ಕಿವಿಗೆ ಐದರ ನಡೆ ಸಲೀಸು. ಅಂದಿನ ಪಾಶ್ಚಾತ್ಯ ಯುವಕರಿಗೆ ಅದು ಎಡವಿ ಎಡವಿ ನಡೆದಂತೆ. ಹಾಡಿನ ನಡುವೆ ಒಬ್ಬೊಬ್ಬರಿಗೂ ಸರದಿ. ಕೊನೆಗೆ ನಮ್ಮ ತನಿ ಆವರ್ತನದಂತೆ ಡ್ರಮ್ಸ್ ಒಂದೇ ಮಾತಾಡುತ್ತದೆ. ಆಲ್ಬಂನ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ಈ ಒಂದೇ ಹಾಡು ತುಂಬಿದೆ. ಹಾಡುಗಳ ದಾಸ್ತಾನು ಎಷ್ಟು ತೆಳ್ಳಗಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಅಮೆರಿಕದ ಆರು ವಾರ

ಜುಲೈ 12ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಮೆರಿಕ ಪ್ರವಾಸದ ಮೊದಲ ಕಛೇರಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಇಲ್ಲಿ ಒಂದು ವಿಷಯ ಗಮನಿಸಬೇಕು. ಆಲ್ಬಂ ಬಿಡುಗಡೆಯಾದದ್ದು ಆಗಸ್ಟಿನಲ್ಲಿ; ಪ್ರವಾಸ ಶುರುವಾದದ್ದು ಜುಲೈನಲ್ಲಿ. ಅಂದರೆ ದುಡ್ಡು ಕೊಟ್ಟು ಬಂದವರಿಗೆ ತಂಡದ ಒಂದು ಹಾಡೂ ಪರಿಚಯವಿರಲಿಲ್ಲ. ಪರಿಚಯವಿಲ್ಲದ, ಅದರಲ್ಲೂ ಮೆಲುದನಿಯ ಹಾಡುಗಳನ್ನು ಕ್ರೀಡಾಂಗಣದಲ್ಲಿ ಕುಳಿತು ಕೇಳುವ ವ್ಯವಧಾನ ಯಾರಿಗಿರುತ್ತದೆ? ಅವರು ಹಳೆಯ ಕ್ರೀಮ್ ಹಾಡುಗಳಿಗಾಗಿ ಕೂಗಿದರು. ಕಾರ್ಯಕ್ರಮದ ಕೊನೆಗೆ ಜನ ವೇದಿಕೆಗೆ ನುಗ್ಗಿ, ಪೊಲೀಸರ ಜತೆ ತಳ್ಳಾಟವಾಗಿ, ಆ ಗದ್ದಲದಲ್ಲಿ ಬೇಕರ್‌ನ ತಲೆಗೇ ಏಟು ಬಿತ್ತು.

ಊರಿಂದೂರಿಗೆ ಇದೇ ಕತೆ. ಮೊದಮೊದಲು ತಂಡ ಹೊಸ ಹಾಡುಗಳಿಗೆ ಅಂಟಿಕೊಂಡಿತು. ಆದರೆ ಆರು ಹಾಡಿನಿಂದ ಇಡೀ ಸಂಜೆ ತುಂಬುವುದು ಹೇಗೆ? ಜನರ ಕೂಗಿಗೆ ಎಷ್ಟು ದಿನ ಕಿವುಡಾಗಿರುವುದು? ಕ್ರಮೇಣ ಕ್ರೀಮ್ ಮತ್ತು ಟ್ರಾಫಿಕ್‌ನ ಹಳೆಯ ಹಾಡುಗಳು ಒಂದೊಂದಾಗಿ ಹಿಂಬಾಗಿಲಿನಿಂದ ಒಳಬಂದವು. ಅವು ಬಂದ ಕೂಡಲೇ ಸಭಾಂಗಣ ಹುಚ್ಚೆದ್ದು ಕುಣಿಯುತ್ತಿತ್ತು. ಕ್ಲಾಪ್ಟನ್ ಯಾವುದರಿಂದ ತಪ್ಪಿಸಿಕೊಂಡು ಓಡಿಬಂದಿದ್ದನೋ ಅದೇ ಎದುರು ಬಂದು ನಿಂತಿತ್ತು.

ಆತನಿಗೆ ನೆಮ್ಮದಿ ಸಿಕ್ಕಿದ್ದು ಇನ್ನೊಂದು ಕಡೆ. ಈ ಪ್ರವಾಸದಲ್ಲಿ ಬ್ಲೈಂಡ್ ಫೇತ್‌ಗಿಂತ ಮೊದಲು ವೇದಿಕೆಗೆ ಬರುತ್ತಿದ್ದ ಸಣ್ಣ ತಂಡಗಳಲ್ಲಿ ಒಂದು ‘ಡೆಲನಿ ಅಂಡ್ ಬಾನಿ’. ಅಮೆರಿಕದ ದಕ್ಷಿಣದ ಸಂಗೀತವನ್ನು ಮೈಗೂಡಿಸಿಕೊಂಡಿದ್ದ ದಂಪತಿ ಮತ್ತು ಅವರ ಗೆಳೆಯರು ಪ್ರಾರ್ಥನಾಮಂದಿರದ ಹಾಡಿನ ಧಾಟಿಯಲ್ಲಿ ಮನಸಾರೆ ಹಾಡುತ್ತಿದ್ದರು. ಅವರಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಹೀಗಾಗಿ ಅವರಿಗೆ ಭಯವೂ ಇರಲಿಲ್ಲ. ಕ್ಲಾಪ್ಟನ್ ತನ್ನ ತಂಡದವರನ್ನು ಬಿಟ್ಟು ಇವರ ಬಸ್ಸಿನಲ್ಲಿ ಪ್ರಯಾಣ ಮಾಡತೊಡಗಿದ. ವೇದಿಕೆಯ ಬದಿಯಲ್ಲಿ ನಿಂತು ಅವರನ್ನು ಕೇಳಿ, ಆಮೇಲೆ ತನ್ನ ಸರದಿ ಬಂದಾಗ ಇವರಷ್ಟು ಚೆನ್ನಾಗಿ ನಮ್ಮಿಂದ ಆಗದು ಎಂಬ ಭಾವನೆಯಿಂದಲೇ ವೇದಿಕೆ ಹತ್ತುತ್ತಿದ್ದ. ತಂಡದ ಮುಖ್ಯ ಕಲಾವಿದನೇ ಮನಸ್ಸಿನಲ್ಲಿ ತಂಡ ಬಿಟ್ಟಾಗಿತ್ತು.

ಅತ್ತ ಜುಲೈ 20ರಂದು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಆಗಸ್ಟ್ ಮಧ್ಯದಲ್ಲಿ ವುಡ್‌ಸ್ಟಾಕ್ ಉತ್ಸವ ನಡೆದು ಆ ತಲೆಮಾರಿನ ಸಂಗೀತಕ್ಕೆ ದೊಡ್ಡ ಗುರುತಾಯಿತು. ಅದೇ ದಿನಗಳಲ್ಲಿ ಅಮೆರಿಕದಲ್ಲೇ ಇದ್ದ ಬ್ಲೈಂಡ್ ಫೇತ್ ಆ ಉತ್ಸವದಲ್ಲಿ ನುಡಿಸಲಿಲ್ಲ. ಆಗಸ್ಟ್ 24ರಂದು ಹವಾಯಿಯಲ್ಲಿ ಪ್ರವಾಸ ಮುಗಿಯಿತು. ಜಗಳವಿಲ್ಲ, ಬೈಗುಳವಿಲ್ಲ, ವಿದಾಯದ ಭಾಷಣವಿಲ್ಲ. ನಾಲ್ವರೂ ಚದುರಿದರು. ಸೆಪ್ಟೆಂಬರಿನಲ್ಲಿ ಅವರ ಆಲ್ಬಂ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. ಆಲ್ಬಂ ಗೆದ್ದಿತ್ತು, ತಂಡ ಇರಲಿಲ್ಲ.

ತಪ್ಪಿದ್ದೆಲ್ಲಿ?

ದೊಡ್ಡ ಕಲಾವಿದರ ಅಹಂಕಾರ ಒಂದೆಡೆ ಕೂಡಿದರೆ ಒಡಕು ಖಚಿತ ಎಂದು ಸಾಮಾನ್ಯವಾಗಿ ಹೇಳುವುದುಂಟು. ಕ್ರೀಮ್‌ನ ಮಟ್ಟಿಗೆ ಆ ಮಾತು ನಿಜ. ಬ್ಲೈಂಡ್ ಫೇತ್‌ಗೆ ಅಷ್ಟಾಗಿ ಒಪ್ಪುವುದಿಲ್ಲ. ಇಲ್ಲಿ ಇದ್ದದ್ದು ಅಹಂಕಾರಕ್ಕಿಂತ ಸಂಕೋಚ. ಕ್ಲಾಪ್ಟನ್ ಮುಂದೆ ನಿಲ್ಲಲು ಒಪ್ಪಲಿಲ್ಲ. ಇಪ್ಪತ್ತೊಂದರ ವಿನ್‌ವುಡ್ ತಾನೇ ಮುಂದಾಳು ಎಂದು ಹೇಳಿಕೊಳ್ಳಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತ ನಿಂತಾಗ ಬಂಡಿಯನ್ನು ಹೊಡೆದವರು ವ್ಯವಹಾರಸ್ಥರು.

ಅದೇ ವರ್ಷದ ಇನ್ನೊಂದು ಉದಾಹರಣೆ ನೋಡಿ. ಅಮೆರಿಕದಲ್ಲಿ ಡೇವಿಡ್ ಕ್ರಾಸ್‌ಬಿ, ಸ್ಟೀಫನ್ ಸ್ಟಿಲ್ಸ್, ಗ್ರಹಾಂ ನ್ಯಾಶ್ ಎಂಬ ಮೂವರು ‘ಬರ್ಡ್ಸ್’, ‘ಬಫಲೋ ಸ್ಪ್ರಿಂಗ್‌ಫೀಲ್ಡ್’, ‘ಹಾಲೀಸ್’ ಎಂಬ ಮೂರು ಪ್ರಸಿದ್ಧ ತಂಡಗಳಿಂದ ಹೊರಬಂದು ಒಂದಾದರು. ಅದೂ ಮಹಾತಂಡವೇ. ಆದರೆ ಅವರ ಆಲ್ಬಂ 1969ರ ಮೇ ತಿಂಗಳಲ್ಲಿ ಬಂತು. ಆಮೇಲೆ ನೀಲ್ ಯಂಗ್‌ನನ್ನು ಸೇರಿಸಿಕೊಂಡು ಆಗಸ್ಟಿನಲ್ಲಿ ಅವರು ವೇದಿಕೆ ಹತ್ತಿದರು. ಜನರಿಗೆ ಹಾಡು ಪರಿಚಯವಾದ ಮೇಲೆ ಹಾಡುವವರು ಬಂದರು. ಮೂರು ಕಂಠಗಳು ಬೆರೆತಾಗ ಹುಟ್ಟುವ ಒಂದು ನಾದ, ಹಿಂದಿನ ಯಾವ ತಂಡದಲ್ಲೂ ಇಲ್ಲದ್ದು, ಅವರ ಗುರುತಾಯಿತು. ಅವರೂ ಸಾಕಷ್ಟು ಜಗಳವಾಡಿದರು. ಆದರೂ ಮತ್ತೆ ಮತ್ತೆ ಸೇರಿ ದಶಕಗಳ ಕಾಲ ಹಾಡಿದರು. ಬ್ಲೈಂಡ್ ಫೇತ್‌ಗೆ ತನ್ನದೇ ಗುರುತು ಮೂಡುವ ಮೊದಲೇ ಪ್ರವಾಸ ಎದುರಾಯಿತು. ಆ ಗುರುತಿನ ಹೊಳಹು ಅವರ ಹಾಡುಗಳಲ್ಲಿ ಇತ್ತು ಎಂಬುದೇ ಬೇಸರದ ಸಂಗತಿ.

ಹೆಸರಿನ ಭಾರ

ಆಮೇಲೆ ನಾಲ್ವರೂ ಹಿಡಿದ ದಾರಿ ಈ ಪಾಠಕ್ಕೆ ಬರೆದ ಟಿಪ್ಪಣಿಯಂತಿದೆ. ಕ್ಲಾಪ್ಟನ್ ಡೆಲನಿ ಅಂಡ್ ಬಾನಿ ತಂಡದಲ್ಲಿ ಸಾಮಾನ್ಯ ವಾದಕನಾಗಿ ಸೇರಿಕೊಂಡ. ಹಾಡಲು ಆತನಿಗೆ ಧೈರ್ಯ ತುಂಬಿದವನು ಡೆಲನಿಯೇ. 1970ರಲ್ಲಿ ಅವರ ಬಳಗದ ವಾದಕರನ್ನೇ ಕೂಡಿಕೊಂಡು ‘ಡೆರೆಕ್ ಅಂಡ್ ದಿ ಡಾಮಿನೋಸ್’ ಎಂಬ ತಂಡ ಕಟ್ಟಿದ. ಗಮನಿಸಿ, ಅದರಲ್ಲಿ ಕ್ಲಾಪ್ಟನ್ ಎಂಬ ಹೆಸರೇ ಇಲ್ಲ. ಹೆಸರು ಮುಚ್ಚಿಟ್ಟು ಸಣ್ಣ ಕ್ಲಬ್ಬುಗಳಲ್ಲಿ ನುಡಿಸುತ್ತ ತಂಡ ಹದಗೊಂಡಿತು. ಆಗ ಹುಟ್ಟಿದ್ದು ‘ಲೈಲಾ’, ಪರ್ಶಿಯಾದ ಕವಿ ನಿಜಾಮಿಯ ಲೈಲಾ ಮಜ್ನೂ ಕತೆಯಿಂದ ಹೆಸರು ಪಡೆದ ಹಾಡು. ಇಂದು ರಾಕ್ ಸಂಗೀತದ ಮೇರು ಕೃತಿಗಳಲ್ಲಿ ಒಂದೆನಿಸಿರುವ ಆ ಆಲ್ಬಂ ಬಿಡುಗಡೆಯಾದಾಗ ಹೆಚ್ಚು ಮಾರಾಟವಾಗಲಿಲ್ಲ. ಡೆರೆಕ್ ಯಾರೆಂದು ಅನೇಕರಿಗೆ ಗೊತ್ತೇ ಇರಲಿಲ್ಲ! ಒಂದು ತಂಡಕ್ಕೆ ಹೆಸರು ಅತಿಯಾಗಿ, ಇನ್ನೊಂದಕ್ಕೆ ಹೆಸರೇ ಇಲ್ಲದಾಗಿ ಕಷ್ಟವಾಯಿತು. ಆದರೆ ಎರಡನೆಯದರಲ್ಲಿ ಸಂಗೀತ ಬೆಳೆಯಿತು.

ವಿನ್‌ವುಡ್ 1970ರಲ್ಲಿ ಒಬ್ಬನೇ ಆಲ್ಬಂ ಮಾಡಲು ಕುಳಿತ. ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಬಂದು ಸೇರಿ ಅದು ಟ್ರಾಫಿಕ್‌ನ ‘ಜಾನ್ ಬಾರ್ಲಿಕಾರ್ನ್ ಮಸ್ಟ್ ಡೈ’ ಆಯಿತು. ಕೆಲಕಾಲ ಗ್ರೆಚ್ ಕೂಡ ಆ ತಂಡದಲ್ಲಿ ನುಡಿಸಿದ. ಬೇಕರ್ ‘ಏರ್ ಫೋರ್ಸ್’ ಎಂಬ ದೊಡ್ಡ ತಂಡ ಕಟ್ಟಿ, ಅದೂ ಬೇಗ ಮುಗಿದಾಗ, 1971ರಲ್ಲಿ ರೇಂಜ್ ರೋವರ್‌ನಲ್ಲಿ ಸಹಾರಾ ಮರುಭೂಮಿ ದಾಟಿ ನೈಜೀರಿಯಾಕ್ಕೆ ಹೋದ. ಅಲ್ಲಿನ ಫೆಲಾ ಕೂಟಿಯ ಜತೆ ನುಡಿಸಿದ, ಲಾಗೋಸ್‌ನಲ್ಲಿ ಧ್ವನಿಮುದ್ರಣಾಲಯ ತೆರೆದ. ಲಯದ ತವರನ್ನು ಹುಡುಕಿ ಹೊರಟ ಮೊದಲ ರಾಕ್ ವಾದಕರಲ್ಲಿ ಆತ ಒಬ್ಬ.

ಕ್ಲಾಪ್ಟನ್ ಮತ್ತೊಮ್ಮೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ವೇದಿಕೆ ಏರಿದ್ದು 1971ರ ಆಗಸ್ಟ್ 1ರಂದು. ಅಂದು ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಏರ್ಪಡಿಸಿದ್ದ ಕಛೇರಿ. ಆ ವೇಳೆಗೆ ಆತ ಹೆರಾಯಿನ್ ವ್ಯಸನದ ಆಳಕ್ಕೆ ಇಳಿದಿದ್ದ. ಅದರಿಂದ ಮೇಲೆತ್ತಲು 1973ರ ಜನವರಿಯಲ್ಲಿ ಲಂಡನ್ನಿನ ರೇನ್‌ಬೋ ಸಭಾಂಗಣದಲ್ಲಿ ಗೆಳೆಯ ಪೀಟ್ ಟೌನ್‌ಶೆಂಡ್ ಒಂದು ಕಛೇರಿ ಏರ್ಪಡಿಸಿದಾಗ, ಪಕ್ಕದಲ್ಲಿ ನಿಂತವರಲ್ಲಿ ವಿನ್‌ವುಡ್ ಮತ್ತು ಗ್ರೆಚ್ ಇದ್ದರು. ತಂಡ ಮುರಿದಿತ್ತು, ಗೆಳೆತನ ಮುರಿದಿರಲಿಲ್ಲ.

ಗ್ರೆಚ್ 1990ರಲ್ಲಿ ತೀರಿಕೊಂಡ. 2005ರಲ್ಲಿ ಕ್ರೀಮ್‌ನ ಮೂವರೂ ರಾಯಲ್ ಆಲ್ಬರ್ಟ್ ಹಾಲ್‌ಗೆ ಮರಳಿ ನಾಲ್ಕು ದಿನ ನುಡಿಸಿದರು. 2008ರಲ್ಲಿ ಕ್ಲಾಪ್ಟನ್ ಮತ್ತು ವಿನ್‌ವುಡ್ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೂರು ರಾತ್ರಿ ಕಛೇರಿ ಕೊಟ್ಟರು. 1969ರಲ್ಲಿ ಯಾರಿಗೂ ಗೊತ್ತಿಲ್ಲದ ಹಾಡುಗಳನ್ನು ಹೊತ್ತು ಅಲ್ಲಿ ನಿಂತಿದ್ದರು. ಈ ಸಲ ಅವೇ ಹಾಡುಗಳಿಗಾಗಿ ಜನ ಟಿಕೆಟ್ ಕೊಂಡು ಬಂದಿದ್ದರು.

ಬ್ರೂಸ್ 2014ರಲ್ಲಿ, ಬೇಕರ್ 2019ರ ಅಕ್ಟೋಬರ್‌ನಲ್ಲಿ ನಿಧನ ಹೊಂದಿದರು. 2020ರ ಫೆಬ್ರುವರಿ 17ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಬೇಕರ್‌ನ ನೆನಪಿಗೆ ಕ್ಲಾಪ್ಟನ್ ಒಂದು ಕಛೇರಿ ನಡೆಸಿದ. ಐವತ್ತೊಂದು ವರ್ಷ ಹಿಂದೆ ಕರೆಯದೆ ಬಂದು ಬಾಗಿಲು ತಟ್ಟಿದವನಿಗೆ, ಒಲ್ಲದ ಮನಸ್ಸಿನಿಂದ ಬಾಗಿಲು ತೆರೆದವನು ಸಲ್ಲಿಸಿದ ಗೌರವ. ವಿನ್‌ವುಡ್ ಕೂಡ ಬಂದಿದ್ದ. ಅಂದು ಬ್ಲೈಂಡ್ ಫೇತ್‌ನ ಹಾಡುಗಳನ್ನು ಇಬ್ಬರೂ ಮತ್ತೆ ನುಡಿಸಿದರು. ಮನೆಯ ದಾರಿ ಕಾಣದವನ ಆ ಹಾಡೂ ಅವುಗಳಲ್ಲಿತ್ತು. 79 ದಿನದ ತಂಡದಿಂದ ಉಳಿದುಬಂದ ಅದನ್ನು ಕೇಳಲು ಈಗ ಯಾರಿಗೂ ಕುರುಡು ನಂಬಿಕೆ ಬೇಕಿರಲಿಲ್ಲ.